ಮೇಜಿನ ಮೇಲಿನ ಯುದ್ಧ

ಲಂಡನ್ ನಗರದ ಪೂರ್ವಕ್ಕೆ, ಥೇಮ್ಸ್ ನದಿಯ ಹಳೆಯ ಹಡಗುಕಟ್ಟೆಗಳಿದ್ದ ಜಾಗದಲ್ಲಿ ಎಕ್ಸೆಲ್ ಎಂಬ ಬೃಹತ್ ವಸ್ತುಪ್ರದರ್ಶನ ಭವನವಿದೆ. ಅಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಒಂದು ಶನಿವಾರ, ‘ಸೆಲ್ಯೂಟ್’ ಎಂಬ ಮೇಳ ನಡೆಯುತ್ತದೆ. ‘ಸೌತ್ ಲಂಡನ್ ವಾರ್‌ಲಾರ್ಡ್ಸ್’ ಎಂಬ ಹವ್ಯಾಸಿಗಳ ಸಂಘವೊಂದು 1970ರ ದಶಕದಿಂದಲೂ ಇದನ್ನು ನಡೆಸಿಕೊಂಡು ಬಂದಿದೆ. ಪುಟ್ಟ ಪುಟ್ಟ ಸೈನಿಕ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಯುದ್ಧ ಆಡುವವರ ಮೇಳ ಇದು. ಸಂಬಂಧಿಕರ ಮನೆಗೆಂದು ಲಂಡನ್ನಿಗೆ ಹೋಗಿದ್ದ ನಾವು ಅವರ ಹದಿನೇಳು ವರ್ಷದ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಅಲ್ಲಿಗೆ ಹೋದೆವು. “ಮಾಮಾ, ಒಮ್ಮೆ ನೋಡಿ. ಆಮೇಲೆ ಬೇಕಾದರೆ ಬಯ್ಯಿರಿ” ಎಂದಿದ್ದ ಹುಡುಗ. ಬಯ್ಯುವ ಮನಸ್ಸಿನಿಂದಲೇ ನಾವು ಹೊರಟಿದ್ದೆವು ಎಂಬುದು ಅವನಿಗೂ ಗೊತ್ತಿತ್ತು.

ಒಳಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ದಾಳಗಳ ಸದ್ದು. ಸಾಲುಸಾಲು ಮೇಜುಗಳು. ಒಂದರ ಮೇಲೆ ವಾಟರ್ಲೂವಿನ ಗೋಧಿ ಹೊಲ, ಇನ್ನೊಂದರ ಮೇಲೆ ಹಿಮ ಮುಚ್ಚಿದ ರಷ್ಯದ ಹಳ್ಳಿ, ಮತ್ತೊಂದರ ಮೇಲೆ ಈಜಿಪ್ಟಿನ ಮರಳುಗಾಡು. ಹೆಚ್ಚಿನ ಬೊಂಬೆಗಳು 28 ಮಿಲಿಮೀಟರಿನಷ್ಟು ಎತ್ತರ, ಎಂದರೆ ನಮ್ಮ ಹೆಬ್ಬೆರಳಿನ ಅರ್ಧದಷ್ಟು. ಆದರೂ ಅದರ ಅಂಗಿಯ ಗುಂಡಿಗೆ ಬೇರೆ ಬಣ್ಣ, ಕೆನ್ನೆಗೆ ಬೇರೆ ಬಣ್ಣ, ಬೂಟಿಗೆ ಮೆತ್ತಿದ ಕೆಸರಿಗೂ ಬೇರೆ ಬಣ್ಣ. ಒಬ್ಬೊಬ್ಬ ಸೈನಿಕನಿಗೆ ಬಣ್ಣ ಹಚ್ಚಲು ಗಂಟೆಗಟ್ಟಲೆ ಬೇಕಂತೆ. ಆಡುವವರಲ್ಲಿ ನಡುವಯಸ್ಸು ದಾಟಿದವರೇ ಹೆಚ್ಚು. ನರೆತ ಗಡ್ಡದ, ಕನ್ನಡಕ ಮೂಗಿಗೆ ಇಳಿಸಿಕೊಂಡ ಅಜ್ಜಂದಿರು ಬಗ್ಗಿ ನಿಂತು, ತಮ್ಮ ಅಶ್ವದಳ ಎಂಟು ಇಂಚು ಹೋಗಬಹುದೋ ಹತ್ತು ಇಂಚೋ ಎಂದು ಅಳೆಯುತ್ತಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ಸೋತವನು ಗೆದ್ದವನ ಕೈ ಕುಲುಕಿ ಚಹಾ ಕುಡಿಯಲು ಹೋಗುತ್ತಿದ್ದ.

ಇಷ್ಟು ಶಾಂತವಾದ ಜಾಗದಲ್ಲಿ ನಮ್ಮ ಮನಸ್ಸು ಮಾತ್ರ ಅಶಾಂತವಾಗಿತ್ತು. ಒಂದು ಮೇಜಿನ ಬಳಿ ಒಬ್ಬರು ದಾಳ ಉರುಳಿಸಿ, ಎದುರಾಳಿಯ ಸಾಲಿನಿಂದ ಐದು ಬೊಂಬೆಗಳನ್ನು ಎತ್ತಿ ಪಕ್ಕದ ತಟ್ಟೆಯಲ್ಲಿಟ್ಟರು. ಇಂಥ ಆಟಗಳಲ್ಲಿ ಹಲವೊಮ್ಮೆ ಒಂದು ಬೊಂಬೆ ಇಪ್ಪತ್ತೋ ಮೂವತ್ತೋ ಸೈನಿಕರಿಗೆ ಸಮ ಎಂದು ಹುಡುಗ ವಿವರಿಸಿದ. ಹಾಗಾದರೆ ಆ ತಟ್ಟೆಗೆ ಬಿದ್ದದ್ದು ನೂರಕ್ಕೂ ಹೆಚ್ಚು ಮಂದಿ. ಅವರಿಗೆ ತಾಯಂದಿರಿದ್ದರು. ಮನುಷ್ಯರು ನಿಜವಾಗಿ ಸತ್ತ ಒಂದು ದಿನವನ್ನು ಶನಿವಾರದ ವಿನೋದವಾಗಿಸುವುದು ಸರಿಯೇ? ಅನ್ಯಾಯವಾಗಿ ಒಬ್ಬನನ್ನು ಕೊಂದರೆ ಇಡೀ ಮನುಕುಲವನ್ನೇ ಕೊಂದಂತೆ ಎಂದು ಕಲಿಸುವ ಗ್ರಂಥವನ್ನು ಓದುವವರು ಇದನ್ನು ನೋಡಿ ನಗಬಹುದೇ?

ಆಟದ ಬಗ್ಗೆ ನಮ್ಮವರು ಹೇಳಿದ್ದು

ಸುಲಭದ ಉತ್ತರ ಒಂದಿದೆ. ಬೊಂಬೆಯೂ ಬೇಡ, ದಾಳವೂ ಬೇಡ, ಎದ್ದು ಮನೆಗೆ ಹೋಗೋಣ ಎನ್ನುವುದು. ದಾಳದ ವಿಚಾರದಲ್ಲಿ ಪ್ರವಾದಿ(ಸ)ಯವರ ಎಚ್ಚರಿಕೆ ಹದೀಸ್‌ಗಳಲ್ಲಿ ಸ್ಪಷ್ಟವಾಗಿಯೇ ಇದೆ. ಚದುರಂಗದ ವಿಚಾರದಲ್ಲಿ ವಿದ್ವಾಂಸರು ಶತಮಾನಗಳ ಕಾಲ ವಾದಿಸಿದ್ದಾರೆ. ಹನಫಿ, ಮಾಲಿಕಿ, ಹಂಬಲಿ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ನಿಷೇಧಿಸಿದರು. ಜೂಜಿಲ್ಲದಿದ್ದರೆ, ನಮಾಝ್ ತಪ್ಪದಿದ್ದರೆ, ಬಾಯಿ ಹೊಲಸಾಗದಿದ್ದರೆ ಅದು ಹರಾಮ್ ಅಲ್ಲ, ಅನಪೇಕ್ಷಿತ ಮಾತ್ರ ಎಂದರು ಶಾಫಿಈಗಳು. ಕರಾವಳಿಯ ಶಾಫಿಈಗೂ ಬಯಲುಸೀಮೆಯ ಹನಫಿಗೂ ಈ ಕುರಿತು ಇಂದಿಗೂ ಒಮ್ಮತ ಬಂದಿಲ್ಲ. ಈ ಲೇಖನದಲ್ಲಿ ನಾವು ಫತ್ವಾ ಕೊಡಲು ಹೊರಟಿಲ್ಲ. ಅದಕ್ಕೆ ಬಲ್ಲವರಿದ್ದಾರೆ.

ಆದರೆ ಅದೇ ಹದೀಸ್ ಸಂಗ್ರಹಗಳಲ್ಲಿ ಇನ್ನೂ ಎರಡು ಚಿತ್ರಗಳಿವೆ. ಎಳೆಯ ವಯಸ್ಸಿನ ಆಯಿಶಾ(ರ) ತಮ್ಮ ಬೊಂಬೆಗಳ ಜೊತೆ ಆಡುತ್ತಿದ್ದರು. ಅವುಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆ. ಕುದುರೆಗೆ ಎಲ್ಲಿಯ ರೆಕ್ಕೆ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ತಾವು ಕೇಳಿಲ್ಲವೇ ಎಂದು ಆಕೆ ಮರುಪ್ರಶ್ನಿಸಿದರು. ಪ್ರವಾದಿ(ಸ) ದವಡೆಹಲ್ಲು ಕಾಣುವಂತೆ ನಕ್ಕರು. ಎರಡನೆಯ ಚಿತ್ರ ಮದೀನಾದ ಮಸೀದಿಯದು. ಈದ್ ದಿನ ಅಬಿಸೀನಿಯದವರು ಈಟಿ ಗುರಾಣಿ ಹಿಡಿದು ಮಸೀದಿಯ ಅಂಗಳದಲ್ಲೇ ಆಡಿದರು. ಪ್ರವಾದಿ(ಸ) ಆಯಿಶಾರಿಗೆ ಆಸರೆಯಾಗಿ ನಿಂತು, ಆಕೆಗೆ ಸಾಕೆನಿಸುವವರೆಗೂ ಅದನ್ನು ತೋರಿಸಿದರು. ಆಯುಧದ ಆಟ ಎಂಬ ಕಾರಣಕ್ಕೆ ಅದನ್ನು ನಿಲ್ಲಿಸಲಿಲ್ಲ.

ಇದೇ ಪ್ರವಾದಿ(ಸ), ತಮಾಷೆಗೂ ಸಹೋದರನತ್ತ ಆಯುಧ ತೋರಬೇಡಿ, ಅವನು ಒಡಹುಟ್ಟಿದವನಾದರೂ ಸರಿ, ಹಾಗೆ ಮಾಡಿದವನನ್ನು ಮಲಕ್‌ಗಳು ಶಪಿಸುತ್ತಾರೆ ಎಂದರು. ಶತ್ರುವನ್ನು ಎದುರಿಸುವ ದಿನಕ್ಕಾಗಿ ಹಂಬಲಿಸಬೇಡಿ ಎಂದೂ ಹೇಳಿದರು. ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಗೆರೆ ಕಾಣುತ್ತದೆ. ಈಟಿಯ ಆಟಕ್ಕೆ ಅಡ್ಡಿಯಿಲ್ಲ. ಆದರೆ ಆ ಈಟಿಯನ್ನು ಕಂಡು ಒಬ್ಬ ಮನುಷ್ಯ ಬೆದರಿದ ಕ್ಷಣ ಅದು ಆಟವಾಗಿ ಉಳಿಯುವುದಿಲ್ಲ.

ಎರಡು ದಾರಿಗಳು

ಈ ಬೊಂಬೆ ಯುದ್ಧದ ವಂಶಾವಳಿ ಹುಡುಕಿದರೆ ನಮ್ಮ ನಾಡಿಗೇ ಬಂದು ನಿಲ್ಲುತ್ತೇವೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಚತುರಂಗ ಭಾರತದಿಂದ ಪರ್ಷಿಯಕ್ಕೆ, ಅಲ್ಲಿಂದ ಅರಬರಿಗೆ, ಅರಬರಿಂದ ಯುರೋಪಿಗೆ ಹೋಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬಾತ ಚದುರಂಗದ 64 ಮನೆಗಳನ್ನು ಸಾವಿರಕ್ಕೂ ಮೀರಿ ಹಿಗ್ಗಿಸಿ, ಬೆಟ್ಟ ನದಿಗಳನ್ನು ಸೇರಿಸಿದ. 1824ರಲ್ಲಿ ರೈಸ್ವಿಟ್ಸ್ ಎಂಬ ಪ್ರಷ್ಯದ ಯುವ ಸೇನಾಧಿಕಾರಿ, ತನ್ನ ತಂದೆ ಶುರುಮಾಡಿದ್ದ ಆಟವನ್ನು ನಿಜವಾದ ಭೂಪಟದ ಮೇಲೆ ಆಡುವಂತೆ ಸುಧಾರಿಸಿ ಸೇನಾ ಮುಖ್ಯಸ್ಥನಿಗೆ ತೋರಿಸಿದ. ಇದು ಆಟವಲ್ಲ, ಯುದ್ಧದ ಪಾಠ ಎಂದು ಆತ ಉದ್ಗರಿಸಿದನಂತೆ. ಅಂದಿನಿಂದ ಆಟ ಸೇನಾ ಕಚೇರಿಗೆ ಹೋಯಿತು. 1870ರಲ್ಲಿ ಪ್ರಷ್ಯ ಫ್ರಾನ್ಸನ್ನು ಮಣಿಸಿದ ಮೇಲೆ ಉಳಿದ ದೇಶಗಳ ಸೇನೆಗಳೂ ಅದನ್ನು ಕಲಿತವು.

ಇನ್ನೊಂದು ದಾರಿ ಮನೆಯ ಕಡೆಗೆ ಹೋಯಿತು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದ. ನೆಲದ ಮೇಲೆ ಸೈನಿಕ ಬೊಂಬೆಗಳನ್ನು ನಿಲ್ಲಿಸಿ ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹೊಡೆಯುವ ಆಟದ ನಿಯಮಗಳು ಅದರಲ್ಲಿವೆ. ಪುಸ್ತಕದ ಕೊನೆಯಲ್ಲಿ ಆತ ವಾದಿಸಿದ್ದಿಷ್ಟು. ಯುದ್ಧದ ಹುಚ್ಚಿರುವವರು ಇದನ್ನು ಆಡಿ ತಣಿಯಲಿ. ಪುಟ್ಟ ಯುದ್ಧವನ್ನೇ ಸರಿಯಾಗಿ ನಿಭಾಯಿಸಲಾರದವನಿಗೆ ದೊಡ್ಡ ಯುದ್ಧ ಎಂಥ ಎಡವಟ್ಟಿನ ಕೆಲಸ ಎಂಬುದು ಮನವರಿಕೆಯಾಗುತ್ತದೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧ ಎಂದು ಅದೇ ವೆಲ್ಸ್ ಉತ್ಸಾಹದಿಂದ ಬರೆದ! ಬೊಂಬೆಗಳು ಅವನಿಗೇ ವಿವೇಕ ಕಲಿಸಲಿಲ್ಲ.

ಸೇನಾ ಕಚೇರಿಯ ದಾರಿ ಎಲ್ಲಿಗೆ ಹೋಯಿತೆಂಬುದಕ್ಕೆ ಒಂದು ಘಟನೆ ಸಾಕು. 1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಧಿಕಾರಿಗಳು ಮಿಡ್‌ವೇ ದಾಳಿಗೆ ಮುಂಚೆ ಮೇಜಿನ ಮೇಲೆ ತಾಲೀಮು ನಡೆಸಿದರು. ದಾಳ ಬಿದ್ದ ಪ್ರಕಾರ ಅವರ ವಿಮಾನವಾಹಕ ಹಡಗುಗಳಿಗೆ ಭಾರೀ ಪೆಟ್ಟಾಯಿತು. ಹಿರಿಯ ಅಧಿಕಾರಿ ಆ ತೀರ್ಪನ್ನು ಬದಲಿಸಿ ಏಟುಗಳ ಸಂಖ್ಯೆ ತಗ್ಗಿಸಿದರು, ಮುಳುಗಿದ ಹಡಗನ್ನು ಮುಂದಿನ ಸುತ್ತಿನಲ್ಲಿ ಮತ್ತೆ ತೇಲಿಸಿದರು ಎಂದು ಜಪಾನಿನ ಅಧಿಕಾರಿಗಳೇ ಯುದ್ಧಾನಂತರ ಬರೆದಿದ್ದಾರೆ. ಜೂನ್ ತಿಂಗಳ ನಿಜ ಕಾಳಗದಲ್ಲಿ ನಾಲ್ಕು ವಿಮಾನವಾಹಕಗಳು ಮುಳುಗಿದವು, ಮೂರು ಸಾವಿರದಷ್ಟು ಜಪಾನೀಯರು ಸತ್ತರು. ಅವುಗಳನ್ನು ಮತ್ತೆ ತೇಲಿಸಲು ಯಾವ ಅಧಿಕಾರಿಗೂ ಸಾಧ್ಯವಾಗಲಿಲ್ಲ. ಆಟದಲ್ಲಿ ಮೋಸ ಮಾಡಿದವನು ನಿಜದಲ್ಲಿ ದಂಡ ತೆತ್ತ, ಅದನ್ನೂ ಬೇರೆಯವರ ಪ್ರಾಣದಿಂದ.

ಹುಲಿಪಟ್ಟೆಯ ಸಿಪಾಯಿಗಳು

ಮೇಳದ ಅಂಗಡಿಸಾಲಿನಲ್ಲಿ ಸುತ್ತುತ್ತಿದ್ದಾಗ ಹುಡುಗ ನಮ್ಮ ತೋಳು ಹಿಡಿದೆಳೆದ. “ಮಾಮಾ, ನಿಮ್ಮವರು!” ಒಂದು ಪುಟ್ಟ ಪ್ಯಾಕೆಟ್ಟಿನಲ್ಲಿ ಟಿಪ್ಪು ಸುಲ್ತಾನನ ಸಿಪಾಯಿಗಳು. ಹುಲಿಪಟ್ಟೆಯ ಅಂಗಿ, ತಲೆಗೆ ಪೇಟ, ಕೈಯಲ್ಲಿ ಬಂದೂಕು. ಪಕ್ಕದ ಪ್ಯಾಕೆಟ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೆಂಪಂಗಿಗಳು. ಪೊಳ್ಳಿಲೂರು ಬೇಕೆಂದರೆ ಪೊಳ್ಳಿಲೂರು ಆಡಬಹುದು, ಶ್ರೀರಂಗಪಟ್ಟಣ ಬೇಕೆಂದರೆ ಶ್ರೀರಂಗಪಟ್ಟಣ.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ಅಷ್ಟು ಹೊತ್ತು ಮುಖ ಸಿಂಡರಿಸಿಕೊಂಡು ತಿರುಗುತ್ತಿದ್ದ ನಮಗೆ ಆ ಪ್ಯಾಕೆಟ್ಟು ನೋಡಿದಾಗ ಖುಷಿಯಾಯಿತು. ಕೈಗೆತ್ತಿಕೊಂಡೆವು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಮುಂದೆ ನುಚ್ಚುನೂರಾದದ್ದನ್ನು ಹುಡುಗನಿಗೆ ಉತ್ಸಾಹದಿಂದ ಹೇಳತೊಡಗಿದೆವು. ರಾಕೆಟ್ಟುಗಳ ವಿಷಯ ಹೇಳಿದೆವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆಯ ಮೇಲೆ ಆ ಕಾಳಗದ ಚಿತ್ರ ಇಂದಿಗೂ ಇದೆ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ ಗಾಬರಿಯಿಂದ ಬೆರಳು ಕಚ್ಚುತ್ತಿದ್ದಾನೆ ಎಂದೆವು. ಹುಡುಗ ಎಲ್ಲ ಕೇಳಿ ಮೆಲ್ಲಗೆ ಅಂದ: “ಹಾಗಾದರೆ ಮಾಮಾ, ಅವರು ಸತ್ತರೆ ಆಟ, ನಮ್ಮವರು ಸತ್ತರೆ ಪಾಪವಾ?”

ಉತ್ತರ ಹೊಳೆಯಲಿಲ್ಲ. ಅದುವರೆಗೆ ನಮ್ಮಲ್ಲಿದ್ದ ಅಸಹ್ಯ ಧರ್ಮದಿಂದ ಬಂದದ್ದೋ, ಅಲ್ಲ ಬರಿಯ ಪಕ್ಷಪಾತವೋ ಎಂಬ ಅನುಮಾನ ಹುಟ್ಟಿತು.

ಮರುದಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಟಿಪ್ಪುವಿನ ಹುಲಿಯನ್ನು ನೋಡಿದೆವು. ಮರದಲ್ಲಿ ಕೆತ್ತಿದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಯುರೋಪಿಯನ್. ಹಿಡಿಕೆ ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯನ ಕೈ ಮೇಲೆದ್ದು ನರಳುವ ಸದ್ದು ಬರುತ್ತದೆ. 1799ರಲ್ಲಿ ಅರಮನೆಯಿಂದ ದೋಚಿ ತಂದ ಇದನ್ನು 1808ರಿಂದ ಕಂಪೆನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಜನ ಮುಗಿಬಿದ್ದು ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ತಲೆಚಿಟ್ಟು ಹಿಡಿಯಿತಂತೆ. ಅತ್ತ ಶ್ರೀರಂಗಪಟ್ಟಣ ಗೆದ್ದವರಿಗೆ ಕಂಪೆನಿ ಕೊಟ್ಟ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಳಗೆ ಹಾಕಿ ತುಳಿಯುತ್ತಿದೆ. ಅವರಿಗೊಂದು ಬೊಂಬೆ, ನಮಗೊಂದು ಬೊಂಬೆ. ಎದುರಾಳಿಯ ಸಾವನ್ನು ಆಟಿಕೆ ಮಾಡಿಕೊಂಡು ನಗುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

ಮೇಜಿನ ಮೇಲೆ ಇಲ್ಲದ್ದು

ಮೇಳದಲ್ಲಿ ನಾವು ಮತ್ತೊಂದು ವಿಷಯ ಗಮನಿಸಿದೆವು. ಮೇಜುಗಳ ಮೇಲೆ ಮನೆಗಳಿದ್ದವು, ಹೊಲಗಳಿದ್ದವು, ಬಾವಿಗಳಿದ್ದವು. ನಾವು ನೋಡಿದ ಹೆಚ್ಚಿನ ಮೇಜುಗಳಲ್ಲಿ ಆ ಮನೆಯವರು, ಆ ಹೊಲದವರು, ನೀರಿಗೆ ಬಂದ ಹೆಂಗಸರು ಇರಲಿಲ್ಲ. ಆಟದ ನಿಯಮ ಪುಸ್ತಕದಲ್ಲಿ ಮರ ಎಂದರೆ ಗುಂಡಿನಿಂದ ಮರೆ, ಹಳ್ಳಿ ಎಂದರೆ ಹಿಡಿಯಬೇಕಾದ ಗುರಿ, ಗೋಡೆ ಎಂದರೆ ಒಂದು ಅಂಕ.

ಯುದ್ಧಕ್ಕೆ ಇನ್ನೊಂದು ನಿಯಮ ಪುಸ್ತಕವೂ ಉಂಟು. ಮೊದಲ ಖಲೀಫಾ ಅಬೂಬಕರ್(ರ) ಸಿರಿಯದತ್ತ ಸೈನ್ಯ ಕಳಿಸುವಾಗ ಅದರ ದಳಪತಿಗೆ ಕೊಟ್ಟ ಉಪದೇಶ ಇಮಾಮ್ ಮಾಲಿಕರ ‘ಮುವತ್ತಾ’ದಲ್ಲಿ ದಾಖಲಾಗಿದೆ. ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬಾರದು. ಹಣ್ಣಿನ ಮರ ಕಡಿಯಬಾರದು. ಜನವಸತಿಯನ್ನು ಹಾಳುಗೆಡವಬಾರದು. ಊಟಕ್ಕಲ್ಲದೆ ಕುರಿಯನ್ನಾಗಲೀ ಒಂಟೆಯನ್ನಾಗಲೀ ಕೊಯ್ಯಬಾರದು. ಆಶ್ರಮಗಳಲ್ಲಿ ದೇವರ ಧ್ಯಾನಕ್ಕೆ ಕುಳಿತವರನ್ನು ಅವರ ಪಾಡಿಗೆ ಬಿಡಬೇಕು. ಈ ಪುಸ್ತಕದಲ್ಲಿ ಮರ ಎಂದರೆ ಮರೆ ಅಲ್ಲ. ಅದು ಯಾರೋ ನೆಟ್ಟದ್ದು, ಯಾರೋ ಹಣ್ಣು ತಿನ್ನಬೇಕಾದದ್ದು. ಎರಡು ಪುಸ್ತಕಗಳ ವ್ಯತ್ಯಾಸ ಇಷ್ಟೆ. ಒಂದು, ಗೆಲ್ಲುವುದು ಹೇಗೆಂದು ಹೇಳುತ್ತದೆ. ಇನ್ನೊಂದು, ಗೆಲ್ಲುವುದಕ್ಕಾಗಿಯೂ ಏನನ್ನು ಮಾಡಬಾರದೆಂದು ಹೇಳುತ್ತದೆ.

ಮುಸ್ಲಿಮ್ ದೊರೆಗಳೆಲ್ಲ ಎರಡನೆಯ ಪುಸ್ತಕವನ್ನು ಪಾಲಿಸಿದರೆಂದು ಹೇಳಿದರೆ ಇತಿಹಾಸಕ್ಕೆ ದ್ರೋಹವಾಗುತ್ತದೆ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಬಂದಾಗ, ಶತ್ರುವಿಗೆ ಕಾಳು ಹುಲ್ಲು ಸಿಗದಿರಲೆಂದು ಟಿಪ್ಪುವಿನ ಪಡೆ ದಾರಿಯ ಸೀಮೆಯನ್ನೆಲ್ಲ ಬರಿದು ಮಾಡಿತು. ಕಂಪೆನಿಯ ಸೈನ್ಯ ಹಸಿವಿನಿಂದ ಹಿಮ್ಮೆಟ್ಟಿತು. ಅದು ಜಾಣ ತಂತ್ರವೆಂದು ಪುಸ್ತಕಗಳು ಹೊಗಳುತ್ತವೆ. ಆ ಸೀಮೆಯ ರೈತ ಆ ವರ್ಷ ಏನು ಉಂಡ ಎಂದು ಕೇಳುವವರು ಕಡಿಮೆ. 1799ರ ಮೇ 4ರಂದು ಕೋಟೆ ಬಿದ್ದ ರಾತ್ರಿ ಕಂಪೆನಿಯ ಸೈನಿಕರು ಪಟ್ಟಣವನ್ನು ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಕೊಡಿಸಿದ ಮೇಲೆಯೇ ಲೂಟಿ ನಿಂತದ್ದು. ಯಾವ ಮೇಜಿನ ಮೇಲೂ ಆ ರಾತ್ರಿಯನ್ನು ಯಾರೂ ಆಡುವುದಿಲ್ಲ. ಆಡಬಾರದು ಕೂಡ. ಆದರೆ ಹಗಲನ್ನು ಆಡುವವನು ಆ ರಾತ್ರಿಯನ್ನು ಮರೆಯಬಾರದು.

ಅದೇ ಭವನ, ಬೇರೆ ಮೇಳ

ಎಕ್ಸೆಲ್ ಭವನದ ಬಗ್ಗೆಯೇ ಇನ್ನಷ್ಟು ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಅಲ್ಲಿ ಬೊಂಬೆಗಳಿರಲಿಲ್ಲ. ಕೋವಿಡ್ ರೋಗಿಗಳಿಗಾಗಿ ಕೆಲವೇ ದಿನಗಳಲ್ಲಿ ಸಾಲುಸಾಲು ಹಾಸಿಗೆ ಹಾಕಿ ಭವನವನ್ನು ಆಸ್ಪತ್ರೆಯಾಗಿಸಿ ‘ನೈಟಿಂಗೇಲ್’ ಎಂದು ಹೆಸರಿಟ್ಟಿದ್ದರು. ಮನುಷ್ಯ ಮನಸ್ಸು ಮಾಡಿದರೆ ಒಂದು ಜಾಗವನ್ನು ಎಷ್ಟು ಬೇಗ ಒಳ್ಳೆಯದಕ್ಕೆ ತಿರುಗಿಸಬಲ್ಲ!

ಇದೇ ಭವನದಲ್ಲಿ 2001ರಿಂದ ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಇನ್ನೊಂದು ಮೇಳವೂ ನಡೆಯುತ್ತ ಬಂದಿದೆ. ಅದರ ಹೆಸರು ‘ಡಿಎಸ್‌ಇಐ’. ಅದು ಜಗತ್ತಿನ ಅತಿ ದೊಡ್ಡ ಶಸ್ತ್ರಾಸ್ತ್ರ ಮೇಳಗಳಲ್ಲೊಂದು. ಅಲ್ಲಿಯೂ ಟ್ಯಾಂಕುಗಳಿರುತ್ತವೆ, ಪೂರ್ಣ ಗಾತ್ರದವು. ಅಲ್ಲಿಯೂ ಮಾದರಿಗಳನ್ನು ಮೇಜಿನ ಮೇಲಿಟ್ಟು ವಿವರಿಸುತ್ತಾರೆ. ಕೇಳುವವರು ಸರಕಾರಗಳ ಪ್ರತಿನಿಧಿಗಳು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಕುಸಿದಾಗ ಲಂಡನ್ನಿನಲ್ಲಿ ಈ ಮೇಳ ನಡೆಯುತ್ತಿತ್ತು. ಮೇಳ ನಿಲ್ಲಲಿಲ್ಲ. ಪಾಶ್ಚಾತ್ಯರ ಬೂಟಾಟಿಕೆ ಎಂದು ಬೆರಳು ತೋರಿಸುವ ಮುನ್ನ ಇನ್ನೊಂದು ವಿಷಯ. 2008ರಲ್ಲಿ ಎಕ್ಸೆಲ್ ಭವನವನ್ನು ಕೊಂಡದ್ದು ಅಬೂಧಾಬಿಯ ಪ್ರದರ್ಶನ ಸಂಸ್ಥೆ. 1993ರಿಂದ ಅಬೂಧಾಬಿಯಲ್ಲೂ ಇಂಥದೇ ಶಸ್ತ್ರಾಸ್ತ್ರ ಮೇಳ ನಡೆಯುತ್ತ ಬಂದಿದೆ. ಕೊಳ್ಳುವ ಸಾಲಿನಲ್ಲಿ ಮುಸ್ಲಿಮ್ ದೇಶಗಳೂ ಇವೆ. ಆ ಶಸ್ತ್ರಗಳಲ್ಲಿ ಎಷ್ಟೋ ಬಿದ್ದದ್ದು ಯಮನ್‌ನಂಥ ಬಡ ಮುಸ್ಲಿಮ್ ದೇಶದ ಜನರ ತಲೆಯ ಮೇಲೆ.

2017ರಲ್ಲಿ ಈ ಶಸ್ತ್ರ ಮೇಳಕ್ಕೆ ಹೋಗುವ ರಸ್ತೆಗೆ ಅಡ್ಡಲಾಗಿ ಕೆಲವರು ಮಲಗಿ ಪ್ರತಿಭಟಿಸಿದರು. ಅವರ ಮೇಲಿನ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಖುಲಾಸೆಯ ತೀರ್ಪೇ ಉಳಿಯಿತು. ಬೊಂಬೆ ಮೇಳದ ರಸ್ತೆಯಲ್ಲಿ ಅಡ್ಡ ಮಲಗಬೇಕೆಂದು ಅವರಿಗೆ ಅನ್ನಿಸಿದ್ದಿಲ್ಲ. ಯಾವುದು ಆಟ, ಯಾವುದು ಆಟವಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಅದು ನಮಗೆ ಸ್ಪಷ್ಟವಿದೆಯೇ?

2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಾಲ್ಕು ದಿನ ಕ್ಷಿಪಣಿಗಳು, ಡ್ರೋನುಗಳು ಹಾರಾಡಿದಾಗ ನಮ್ಮ ಟಿವಿ ಸ್ಟುಡಿಯೋಗಳಲ್ಲಿ ಏನು ನಡೆಯಿತೆಂದು ನೆನಪಿಸಿಕೊಳ್ಳಿ. ಸೈರನ್ ಸದ್ದು, ಪರದೆಯ ಮೇಲೆ ಕುಣಿಯುವ ನಕಾಶೆ, ಕರಾಚಿ ಬಂದರು ನಾಶವಾಯಿತೆಂಬ ಸುಳ್ಳು ಸುದ್ದಿ. ನೋಡುತ್ತಿದ್ದವರಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರು. ಗಡಿಯಾಚೆಯ ಸ್ಟುಡಿಯೋಗಳೂ ಕಡಿಮೆಯೇನಿರಲಿಲ್ಲ. ಅದೇ ಹೊತ್ತಿಗೆ ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳೂ ಸತ್ತಿದ್ದರು. ಸ್ಟುಡಿಯೋದಲ್ಲಿ ಕಿರುಚುತ್ತಿದ್ದವರು ಆಡುತ್ತಿದ್ದದ್ದೂ ಯುದ್ಧದ ಆಟವನ್ನೇ. ಲಂಡನ್ನಿನ ಆ ಅಜ್ಜಂದಿರ ಆಟಕ್ಕೆ ನಿಯಮವಿತ್ತು, ಎದುರಾಳಿಯ ಬಗ್ಗೆ ಗೌರವವಿತ್ತು. ಮುಖ್ಯವಾಗಿ, ತಾವು ಎತ್ತಿಡುತ್ತಿರುವುದು ಬೊಂಬೆ ಎಂಬ ಅರಿವಿತ್ತು. ಸ್ಟುಡಿಯೋದವರಿಗೆ ಈ ಮೂರೂ ಇರಲಿಲ್ಲ. ಬೊಂಬೆಯನ್ನು ಸೈನಿಕ ಎಂದು ಭಾವಿಸಿ ಆಡುವವನಿಂದ ಲೋಕಕ್ಕೆ ದೊಡ್ಡ ಅಪಾಯವಿಲ್ಲ. ಸೈನಿಕನನ್ನು, ಹಳ್ಳಿಯವನನ್ನು, ಶಾಲೆಯ ಮಗುವನ್ನು ಬೊಂಬೆ ಎಂದು ಭಾವಿಸಿದವನಿಂದಲೇ ಅಪಾಯ.

ಮೇಳದಲ್ಲಿ ಒಬ್ಬ ಹಿರಿಯರೊಡನೆ ಮಾತಾಡಿದ್ದು ನೆನಪಾಗುತ್ತಿದೆ. ಯೌವನದಲ್ಲಿ ತಾವು ಸೈನ್ಯದಲ್ಲಿದ್ದುದಾಗಿ ಹೇಳಿದರು. ನಿಜವಾದದ್ದನ್ನು ಕಂಡವರು ಇದನ್ನು ಹೇಗೆ ಆಡುತ್ತೀರಿ ಎಂದು ಕೇಳಿದೆವು. ಅವರಿಗೆ ಬೇಸರವಾಗಲಿಲ್ಲ. “ನಾನು ಸೇವೆ ಮಾಡಿದ ಯುದ್ಧವನ್ನು ಮಾತ್ರ ಆಡುವುದಿಲ್ಲ. ಅಲ್ಲಿ ಸತ್ತವರ ಹೆಸರು ನನಗೆ ಗೊತ್ತು” ಎಂದರು.

ಈ ಮಾತು ನಮಗೆ ಯಾವ ನಿಯಮ ಪುಸ್ತಕಕ್ಕಿಂತ ದೊಡ್ಡದೆನಿಸಿತು. ಹೆಸರು ಗೊತ್ತಿರುವಲ್ಲಿ ಆಟ ನಿಲ್ಲುತ್ತದೆ. ಆದರೆ ವಾಟರ್ಲೂವಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಸತ್ತವರಿಗೂ ಹೆಸರಿತ್ತು. ನಮಗೆ ಗೊತ್ತಿಲ್ಲ ಅಷ್ಟೆ. ಅಲ್ಲಾಹನಿಗೆ ಗೊತ್ತು. ಪಕ್ಷಾತೀತವಾಗಿ ಪ್ರತಿಯೊಬ್ಬನ ಹೆಸರೂ ಗೊತ್ತು ಎಂಬ ನಂಬಿಕೆಯಲ್ಲಿ ಬದುಕುವವರು ನಾವು. ಹಾಗಿದ್ದರೆ ಹೆಸರು ಗೊತ್ತಿಲ್ಲವೆಂಬ ನೆಪ ನಮಗೆ ಎಷ್ಟು ದೂರ ಒದಗೀತು?

ಹಿಂತಿರುಗುವ ರೈಲಿನಲ್ಲಿ ಹುಡುಗ ಕೇಳಿದ, “ಈಗ ಹೇಳಿ ಮಾಮಾ, ಬಯ್ಯುತ್ತೀರಾ?” ಬಯ್ಯಲಿಲ್ಲ. ಆಡು ಎಂದೂ ಹೇಳಲಿಲ್ಲ. ಗೆದ್ದ ದಿನ ತಟ್ಟೆಯಲ್ಲಿರುವ ಬೊಂಬೆಗಳನ್ನು ಒಮ್ಮೆ ಎಣಿಸು, ಎರಡೂ ಕಡೆಯವನ್ನು, ಎಂದಷ್ಟೇ ಹೇಳಿದೆವು. ನಾವು ಕೊಂಡು ತಂದ ಹುಲಿಪಟ್ಟೆಯ ಸಿಪಾಯಿಗಳು ಈಗ ಊರಿನ ಮನೆಯ ಕಪಾಟಿನಲ್ಲಿವೆ. ಪಕ್ಕದಲ್ಲಿ ಕೆಂಪಂಗಿಗಳೂ ಇವೆ. ಒಂದನ್ನೇ ಕೊಳ್ಳಲು ಹುಡುಗ ಬಿಡಲಿಲ್ಲ.